ಬೆಳಗಿನ ಓಟಗಾರನಿಗೆ ದಾರಿ ಬಿಡೋಣ

ಸಂಘದ ಪತ್ರಿಕೆಯಲ್ಲಿ ಕಾಫಿ, ಅಡಿಕೆ, ಮೆಣಸು, ಗೊಬ್ಬರ, ಸಾಲ, ವಸೂಲಿ ಇವುಗಳ ವಿಚಾರ ಬಿಟ್ಟು ಓಟದ ವಿಚಾರ ಬರೆಯುವುದು ಉಚಿತವೇ ಎಂದು ಕೆಲವು ಸದಸ್ಯ ಬಾಂಧವರು ಕೇಳಬಹುದು. ಕೇಳುವ ಹಕ್ಕು ಅವರಿಗೆ ಇದ್ದೇ ಇದೆ. ಆದರೆ ಈಚಿನ ತಿಂಗಳುಗಳಲ್ಲಿ ನಮ್ಮ ಗೋದಾಮಿನ ತೂಕದ ಕಟ್ಟೆಯ ಬಳಿ ಧಾರಣೆಯ ಏರಿಳಿತಕ್ಕಿಂತಲೂ ಹೆಚ್ಚಾಗಿ ಚರ್ಚೆಯಾಗುತ್ತಿರುವುದು ಒಬ್ಬ ಹುಡುಗನ ಓಟ. ಚರ್ಚೆ ಎನ್ನುವುದಕ್ಕಿಂತ ಗೇಲಿ ಎಂದರೆ ಸರಿಯಾದೀತು. ಊರೆಲ್ಲ ಮಾತನಾಡುವ ವಿಷಯವನ್ನು ನಾಲ್ಕು ಜನರ ಮುಂದೆ ನೆಟ್ಟಗೆ ಚರ್ಚಿಸುವುದೇ ಲೇಸೆಂದು ನಾವು ಈ ಲೇಖನ ಬರೆಯಲು ಹೊರಟಿದ್ದೇವೆ.

ವಿಷಯ ಇಷ್ಟು. ನಮ್ಮ ಸದಸ್ಯರೊಬ್ಬರಿಗೆ ಮೂರು ಎಕರೆ ಕಾಫಿ, ಅರ್ಧ ಎಕರೆ ಅಡಿಕೆ ಇದೆ. ಅವರ ಮಗನಿಗೆ ಇಪ್ಪತ್ತೇಳು ವರ್ಷ. ಓದು ಮುಗಿಸಿ ಊರಿಗೆ ಹಿಂತಿರುಗಿ ತೋಟ ನೋಡಿಕೊಳ್ಳುತ್ತಿರುವ ಕೆಲವೇ ಹುಡುಗರಲ್ಲಿ ಅವನೂ ಒಬ್ಬ. ಬರುವ ಜನವರಿಯಲ್ಲಿ ಮುಂಬಯಿಯಲ್ಲಿ ನಡೆಯುವ ಮ್ಯಾರಥಾನ್ ಓಟದಲ್ಲಿ ಭಾಗವಹಿಸಬೇಕೆಂದು ಅವನಿಗೆ ಹಂಬಲ. ಅದಕ್ಕಾಗಿ ಬೆಳಗಿನ ಜಾವ ಐದೂವರೆಗೆಲ್ಲ ಎದ್ದು ನಮ್ಮ ಡಾಂಬರು ರಸ್ತೆಯಲ್ಲಿ ಓಡುತ್ತಾನೆ. ಹಾಲಿನ ಡೈರಿಗೆ ಹೋಗುವವರು, ಆಳುಗಳನ್ನು ಕರೆತರುವ ಜೀಪಿನವರು, ಬಸ್ಸಿಗೆ ಕಾದು ನಿಂತವರು ಎಲ್ಲರೂ ಅವನನ್ನು ನೋಡಿದ್ದಾರೆ. "ಏನೋ ತಮ್ಮಾ, ಹಿಂದೆ ಯಾರು ಅಟ್ಟಿಸ್ಕೊಂಡು ಬರ್ತಿದಾರೆ?" ಎಂದು ಕೇಳುವವರು ಕೆಲವರು. "ಅಷ್ಟು ಕಸುವಿದ್ದರೆ ನಮ್ಮ ತೋಟದ ಕಳೆ ಹೊಡೆದು ಹೋಗಪ್ಪಾ" ಎನ್ನುವವರು ಹಲವರು.

ಮಾತು ಕೇಳಿ ಕೇಳಿ ಬೇಸತ್ತ ಅವನ ತಂದೆ ಒಂದು ದಿನ ಸಂಘದ ಕಚೇರಿಗೆ ಬಂದು, "ಕಾರ್ಯದರ್ಶಿಗಳೇ, ನೀವಾದರೂ ಹುಡುಗನಿಗೆ ಒಂದು ಮಾತು ಬುದ್ಧಿ ಹೇಳಿ. ಕೊಯ್ಲಿನ ಕಾಲದಲ್ಲಿ ಇದೇನು ಹುಚ್ಚು?" ಎಂದರು. ಹುಡುಗನನ್ನು ಕರೆದು ಮಾತನಾಡಿಸಿದೆವು. ಅವನು ಹೇಳಿದ್ದನ್ನು ಕೇಳಿದ ಮೇಲೆ, ಬುದ್ಧಿ ಹೇಳಬೇಕಾದದ್ದು ಅವನಿಗಲ್ಲ, ರಸ್ತೆಯ ಎರಡು ಬದಿಯಲ್ಲಿ ನಿಂತು ನೋಡುವ ಉಳಿದವರಿಗೆ ಎಂದು ನಮಗೆ ಅನ್ನಿಸಿತು. ಅವನ ಹೆಸರನ್ನು ಇಲ್ಲಿ ಕಾಣಿಸುವುದಿಲ್ಲ. ಆದರೆ ಬರೆಯಲು ತಂದೆ ಮಗ ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇವೆ.

ಮೊದಲಿಗೆ ಮ್ಯಾರಥಾನ್ ಎಂದರೇನೆಂಬುದನ್ನು ತಿಳಿಯೋಣ. ಅದು 42 ಕಿಲೋಮೀಟರ್ 195 ಮೀಟರ್ ದೂರದ ಓಟ. ಹಾಸನದಿಂದ ಸಕಲೇಶಪುರಕ್ಕೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು. 1896ರಲ್ಲಿ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಪ್ರಾರಂಭವಾದಾಗ ಈ ಓಟವೂ ಪ್ರಾರಂಭವಾಯಿತು. ಆಗಿನ ದೂರ ಸುಮಾರು 40 ಕಿಲೋಮೀಟರ್. ಮೊದಲನೆಯವನಾಗಿ ಬಂದವನು ಸ್ಪಿರಿಡಾನ್ ಲೂಯಿ. ಅವನು ದೊಡ್ಡ ಕ್ರೀಡಾಪಟುವೇನೂ ಅಲ್ಲ, ಮರೂಸಿ ಎಂಬ ಹಳ್ಳಿಯಲ್ಲಿ ನೀರು ಹೊತ್ತು ಜೀವನ ಮಾಡುತ್ತಿದ್ದವನು. ಅಂದು ಅವನಿಗೆ ಹಿಡಿದ ಕಾಲ 2 ಗಂಟೆ 58 ನಿಮಿಷ 50 ಸೆಕೆಂಡು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗೆ ಓಡಿದ ದೂರವೇ ಈಗಿನ ಅಳತೆ. ಅದನ್ನು 1921ರಲ್ಲಿ ಅಧಿಕೃತವಾಗಿ ನಿಗದಿ ಮಾಡಲಾಯಿತು. ನಮ್ಮ ದೇಶದಲ್ಲಿಯೂ ಈ ಓಟಕ್ಕೆ ಹೆಸರು ತಂದವರಿದ್ದಾರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹನ್ನೊಂದನೆಯ ಸ್ಥಾನ ಗಳಿಸಿದ ಸೈನಿಕ ಶಿವನಾಥ ಸಿಂಗ್ 1978ರಲ್ಲಿ ಜಾಲಂಧರಿನಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಓಡಿ ಸ್ಥಾಪಿಸಿದ ದಾಖಲೆ ಹಲವು ದಶಕಗಳ ಕಾಲ ಯಾರಿಗೂ ನಿಲುಕದೆ ಉಳಿಯಿತು.

ಮುಂಬಯಿಯ ಮ್ಯಾರಥಾನ್ 2004ರಲ್ಲಿ ಪ್ರಾರಂಭವಾದದ್ದು. ಇಂಥ ಓಟಗಳಲ್ಲಿ ಸಾವಿರಾರು ಜನ ಸೇರುತ್ತಾರೆ. ಬಹುಮಾನಕ್ಕಾಗಿ ಓಡುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಗುಮಾಸ್ತರು, ಉಪಾಧ್ಯಾಯರು, ಗೃಹಿಣಿಯರು, ವ್ಯಾಪಾರಿಗಳು, ನಿವೃತ್ತರು. ತಾವು ಗೆಲ್ಲುವುದಿಲ್ಲವೆಂಬುದು ಅವರಿಗೆ ಓಟ ಶುರುವಾಗುವ ಮೊದಲೇ ಗೊತ್ತು. ಆದರೂ ಕೈಯಿಂದ ಹಣ ಕಟ್ಟಿ, ತಿಂಗಳುಗಟ್ಟಲೆ ನಿದ್ದೆಗೆಟ್ಟು ಅಭ್ಯಾಸ ಮಾಡಿ ಓಡುತ್ತಾರೆ. ಏನು ಲಾಭ ಎಂದು ಕೇಳಿದರೆ ಅವರು ತೋರಿಸಬಲ್ಲದ್ದು ಕೊರಳಿಗೆ ಹಾಕಿದ ಒಂದು ಪದಕ, ಕಾಲಬೆರಳಿನ ಕಪ್ಪುಗಟ್ಟಿದ ಉಗುರು, ಅಷ್ಟೆ. ಮೂಟೆ ಕ್ವಿಂಟಾಲುಗಳಲ್ಲಿ ಎಲ್ಲವನ್ನೂ ಅಳೆಯುವ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಯಕ್ಷಗಾನದ ತಾಳಮದ್ದಲೆಗೆ ರಾತ್ರಿಯಿಡೀ ಕೂತು ಅರ್ಥ ಹೇಳುವ ನಮ್ಮ ಬೆಳೆಗಾರರೇ ಎಷ್ಟು ಮಂದಿ ಇಲ್ಲ? ಅವರಿಗೆ ಬರುವ ಸಂಭಾವನೆ ಎಷ್ಟು? ಪ್ರೀತಿಗಾಗಿ ಮಾಡುವ ಕೆಲಸಕ್ಕೆ ಲಾಭದ ಲೆಕ್ಕ ಹಾಕುವುದು ನಮ್ಮಲ್ಲಿಯೂ ವಾಡಿಕೆಯಲ್ಲ.

ಇದು ಪಟ್ಟಣದವರ ಶೋಕಿ, ಮಣ್ಣಿನಲ್ಲಿ ದುಡಿಯುವವರಿಗೆ ಒಗ್ಗುವುದಲ್ಲ ಎಂಬ ವಾದವನ್ನೂ ಕೇಳಿದ್ದೇವೆ. ಈ ವಾದಕ್ಕೆ ಇಬ್ಬರು ರೈತರ ಉದಾಹರಣೆ ಸಾಕು.

ಒಬ್ಬರು ಪಂಜಾಬಿನ ಫೌಜಾ ಸಿಂಗ್. ಜಾಲಂಧರ್ ಜಿಲ್ಲೆಯ ಬಿಯಾಸ್ ಪಿಂಡ್ ಎಂಬ ಹಳ್ಳಿಯ ಕೃಷಿಕರು. ಪಾಸ್‌ಪೋರ್ಟಿನ ಪ್ರಕಾರ ಹುಟ್ಟಿದ್ದು 1911ರಲ್ಲಿ. ಐದು ವರ್ಷವಾಗುವವರೆಗೂ ಸರಿಯಾಗಿ ನಡೆಯಲಾರದಷ್ಟು ಬಲಹೀನವಾದ ಮಗುವಾಗಿದ್ದರಂತೆ. ದುಡಿಮೆಯ ವಯಸ್ಸೆಲ್ಲ ಹೊಲದಲ್ಲಿ ಕಳೆಯಿತು. 1994ರಲ್ಲಿ ಮಗನೊಬ್ಬ ಅಪಘಾತದಲ್ಲಿ ತೀರಿಕೊಂಡ ದುಃಖದಿಂದ ಹೊರಬರಲು ಅವರು ಆರಿಸಿಕೊಂಡ ದಾರಿ ಓಟ. ಇಂಗ್ಲೆಂಡಿನಲ್ಲಿದ್ದ ಮಕ್ಕಳ ಬಳಿ ಹೋಗಿ ನೆಲಸಿದ ಮೇಲೆ, ತಮ್ಮ 89ನೆಯ ವಯಸ್ಸಿನಲ್ಲಿ, ಒಬ್ಬ ತರಬೇತುದಾರರ ಬಳಿಗೆ ಹೋಗಿ ಮ್ಯಾರಥಾನಿಗೆ ಅಭ್ಯಾಸ ಮಾಡಿಸಿರೆಂದು ಕೇಳಿದರು. 2000ದ ಲಂಡನ್ ಮ್ಯಾರಥಾನನ್ನು 6 ಗಂಟೆ 54 ನಿಮಿಷಗಳಲ್ಲಿ ಮುಗಿಸಿದರು. ಮೂರು ವರ್ಷಗಳ ನಂತರ, 2003ರಲ್ಲಿ, ಕೆನಡಾದ ಟೊರಾಂಟೋದಲ್ಲಿ ಅದೇ ದೂರವನ್ನು 5 ಗಂಟೆ 40 ನಿಮಿಷಗಳಲ್ಲಿ ಓಡಿದರು. ತೊಂಬತ್ತು ದಾಟಿದ ಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಕಡಿಮೆ ಮಾಡಿಕೊಂಡರು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. 2011ರಲ್ಲಿ ಅದೇ ಊರಿನಲ್ಲಿ ನೂರನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಪೂರ್ಣ ದೂರ ಮುಗಿಸಿದರು. ಜನನ ಪತ್ರವಿಲ್ಲವೆಂಬ ಕಾರಣಕ್ಕೆ ಗಿನ್ನೆಸ್ ದಾಖಲೆಯವರು ಅದನ್ನು ಒಪ್ಪಲಿಲ್ಲ. ಅವರು ಹುಟ್ಟಿದ ಕಾಲದಲ್ಲಿ ಹಳ್ಳಿಗಳಲ್ಲಿ ಜನನ ಪತ್ರ ಯಾರಲ್ಲಿತ್ತು? ನಮ್ಮ ಹಿರಿಯ ಸದಸ್ಯರಲ್ಲಿಯೇ ಎಷ್ಟು ಮಂದಿಯ ಹುಟ್ಟಿದ ದಿನ ಶಾಲೆಯ ಮೇಷ್ಟ್ರು ಬರೆದದ್ದು ಎಂಬುದು ಸಂಘದ ಷೇರು ಪುಸ್ತಕ ನೋಡಿದ ನಮಗೆ ಗೊತ್ತಿದೆ.

ಇನ್ನೊಬ್ಬರು ಆಸ್ಟ್ರೇಲಿಯಾದ ಕ್ಲಿಫ್ ಯಂಗ್. ವಿಕ್ಟೋರಿಯಾ ರಾಜ್ಯದ ಬೀಚ್ ಫಾರೆಸ್ಟ್ ಎಂಬಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದವರು. 1983ರಲ್ಲಿ ಸಿಡ್ನಿಯಿಂದ ಮೆಲ್ಬರ್ನ್‌ವರೆಗೆ 875 ಕಿಲೋಮೀಟರ್ ಓಟ ಏರ್ಪಟ್ಟಾಗ 61ನೆಯ ವಯಸ್ಸಿನಲ್ಲಿ ಹೆಸರು ಕೊಟ್ಟರು. ಆಗಲೂ ನಕ್ಕವರೇ ಹೆಚ್ಚು. ಮಳೆಗಾಲದಲ್ಲಿ ರಬ್ಬರ್ ಬೂಟು ಹಾಕಿಕೊಂಡು ದಿನಗಟ್ಟಲೆ ಕುರಿ ಅಟ್ಟಿ ಅಭ್ಯಾಸವಿದೆ ಎಂದು ಅವರು ಹೇಳಿದರೆ ಯಾರು ನಂಬುತ್ತಾರೆ? ಕಾಲೆಳೆದು ಕುಕ್ಕುರು ಹೆಜ್ಜೆಯಲ್ಲಿ ಹೊರಟ ಈ ಮುದುಕನನ್ನು ಮೊದಲ ದಿನ ಎಲ್ಲರೂ ಹಿಂದೆ ಹಾಕಿದರು. ಉಳಿದವರು ರಾತ್ರಿ ಮಲಗಿದ್ದಾಗ ಇವರು ಬೇಗನೆ ಎದ್ದು ಹೊರಟರು. 5 ದಿನ 15 ಗಂಟೆ 4 ನಿಮಿಷಗಳಲ್ಲಿ ಮೆಲ್ಬರ್ನ್ ತಲಪಿ ಮೊದಲನೆಯವರಾದರು. ಬಂದ ಹತ್ತು ಸಾವಿರ ಡಾಲರ್ ಬಹುಮಾನವನ್ನು ಜೊತೆಗೆ ಓಡಿದವರಿಗೇ ಹಂಚಿಬಿಟ್ಟರು. ನಿಧಾನವೇ ಪ್ರಧಾನ ಎಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ನಮ್ಮ ಹುಡುಗನ ಅಭ್ಯಾಸದ ವಿಚಾರಕ್ಕೆ ಬರೋಣ. ಹೂಮಳೆ ಬಿದ್ದ ಕಾಲದಲ್ಲಿ ಅವನು ಓಡಲು ತೊಡಗಿದ. ಹೊಸ ಉತ್ಸಾಹ. ಮೊದಲ ವಾರವೇ ಪ್ರತಿದಿನ ಎಂಟು ಹತ್ತು ಕಿಲೋಮೀಟರ್ ಬಿರುಸಾಗಿ ಓಡಿದ. ತಿಂಗಳು ತುಂಬುವ ಮೊದಲೇ ಮೊಳಕಾಲಿನ ಕೆಳಗಿನ ಎಲುಬಿನಲ್ಲಿ ನೋವು ಕಾಣಿಸಿಕೊಂಡು ಮೂರು ವಾರ ಕುಂಟಿದ. ವೈದ್ಯರು ಹೇಳಿದ್ದು ಹೀಗೆ: ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಆದರೆ ಎಲುಬು, ಸ್ನಾಯುವನ್ನು ಎಲುಬಿಗೆ ಕಟ್ಟಿದ ನಾರು ಇವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಾಕಷ್ಟಿದೆ ಎಂದು ಮನಸ್ಸು ಮುನ್ನುಗ್ಗುತ್ತದೆ, ಕಾಲು ಇನ್ನೂ ಸಿದ್ಧವಾಗಿರುವುದಿಲ್ಲ. ಹೊಸ ಓಟಗಾರರಲ್ಲಿ ಹೆಚ್ಚಿನವರು ಕೈಬಿಡುವುದು ಈ ಹಂತದಲ್ಲಿಯೇ.

ನಮಗೆ ಇದು ಹೊಸ ಪಾಠವಲ್ಲ. ನೆಟ್ಟ ವರ್ಷವೇ ಫಲ ಕಾಣಬೇಕೆಂದು ಗಿಡದ ಬುಡಕ್ಕೆ ಗೊಬ್ಬರ ಸುರಿದವನ ತೋಟ ಏನಾಗುತ್ತದೆಂದು ಎಲ್ಲರೂ ಕಂಡಿದ್ದೇವೆ. ಅರೇಬಿಕಾ ಗಿಡ ಮೂರು ನಾಲ್ಕು ವರ್ಷ ಕಾಯಿಸುತ್ತದೆ. ಅಡಿಕೆ ಸಸಿ ಅದಕ್ಕಿಂತಲೂ ಹೆಚ್ಚು ಕಾಯಿಸುತ್ತದೆ. ಕಾಯಲು ತಿಳಿದವನೇ ಬೆಳೆಗಾರ. ಹುಡುಗನೂ ಇದನ್ನು ಅರ್ಥಮಾಡಿಕೊಂಡ. ಮಳೆಗಾಲದಲ್ಲಿ ಉಂಬಳ ಕಿತ್ತುಕೊಳ್ಳುತ್ತಾ ಸಣ್ಣ ಸಣ್ಣ ಓಟಗಳಲ್ಲಿ ಕಾಲು ಗಟ್ಟಿ ಮಾಡಿಕೊಂಡ. ಸೆಪ್ಟೆಂಬರಿನಿಂದ ಹದಿನೆಂಟು ವಾರಗಳ ಒಂದು ಕ್ರಮ ಹಾಕಿಕೊಂಡಿದ್ದಾನೆ.

ಆ ಕ್ರಮವನ್ನು ಕೇಳಿ ತಿಳಿದೆವು. ವಾರದಲ್ಲಿ ನಾಲ್ಕು ದಿನ ಓಟ, ಮೂರು ದಿನ ಬಿಡುವು. ಮೂರು ದಿನ ಒಂದೊಂದು ಗಂಟೆಯೊಳಗಿನ ಓಟ. ಭಾನುವಾರ ಒಂದು ದೀರ್ಘ ಓಟ. ಈ ದೀರ್ಘ ಓಟದ ದೂರವನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುವುದು, ಮೂರು ವಾರ ಏರಿಸಿದರೆ ನಾಲ್ಕನೆಯ ವಾರ ಇಳಿಸುವುದು. ಈಗ 24 ಕಿಲೋಮೀಟರ್ ತಲಪಿದ್ದಾನೆ. 30ನ್ನು ದಾಟಿದ ಮೇಲೆ, ಸ್ಪರ್ಧೆಗೆ ಇನ್ನು ಮೂರು ವಾರವಿದೆ ಎನ್ನುವಾಗ, ದೂರವನ್ನು ಕ್ರಮೇಣ ತಗ್ಗಿಸಿ ದೇಹಕ್ಕೆ ವಿಶ್ರಾಂತಿ ಕೊಡುತ್ತಾನಂತೆ. ಭಾನುವಾರದ ಓಟ ಎಷ್ಟು ನಿಧಾನವಾಗಿರಬೇಕೆಂದರೆ ಪಕ್ಕದವರೊಡನೆ ಮಾತನಾಡುತ್ತಾ ಓಡುವಷ್ಟು. "ಜೋರಾಗಿ ಓಡೋದು ಸುಲಭ, ಚಿಕ್ಕಪ್ಪ. ನಿಧಾನಕ್ಕೆ ಓಡೋದೇ ಕಷ್ಟ. ಮನಸ್ಸು ಕೇಳೋದಿಲ್ಲ" ಎಂದು ಅವನು ನಮಗೆ ಹೇಳಿದ. ಈ ಮಾತು ನಮಗೆ ತುಂಬ ಹಿಡಿಸಿತು. ಉತ್ಸಾಹವೆಂದರೆ ಕುದಿಯುವುದಲ್ಲ, ಬೆಂಕಿಯನ್ನು ಸಣ್ಣಗೆ ಇಟ್ಟು ಹದಿನೆಂಟು ವಾರ ಆರದಂತೆ ನೋಡಿಕೊಳ್ಳುವುದು.

ಹೀಗೆ ನಿಧಾನವಾಗಿ ಅಭ್ಯಾಸ ಮಾಡುವುದಕ್ಕೆ ಕಾರಣವೂ ಇದೆ. ನಾವು ತಿಂದ ಅನ್ನ ಮುದ್ದೆಗಳ ಸತ್ವವು ಒಂದು ಬಗೆಯ ಸಕ್ಕರೆಯಾಗಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗಿರುತ್ತದೆ. ಈ ದಾಸ್ತಾನು ಸುಮಾರು 30 ಕಿಲೋಮೀಟರ್ ಓಡುವ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಆಗ ಕಾಲು ಕಲ್ಲಿನಂತೆ ಭಾರವಾಗಿ, ಎದುರಿಗೆ ಗೋಡೆ ಬಂದು ನಿಂತ ಹಾಗೆ ಆಗುತ್ತದೆಂದು ಓಟಗಾರರು ಹೇಳುತ್ತಾರೆ. ನಿಧಾನದ ದೀರ್ಘ ಓಟಗಳಿಂದ ದೇಹವು ತನ್ನ ಕೊಬ್ಬನ್ನು ಹೆಚ್ಚಾಗಿ ಉರಿಸಿ ಈ ದಾಸ್ತಾನನ್ನು ಉಳಿತಾಯ ಮಾಡುವುದನ್ನು ಕಲಿಯುತ್ತದೆ. ಜೊತೆಗೆ ದಾರಿಯಲ್ಲಿ ಬಾಳೆಹಣ್ಣು, ಬೆಲ್ಲ, ಸಕ್ಕರೆ ನೀರು ಮುಂತಾದವನ್ನು ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು.

ನೀರಿನ ವಿಚಾರದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಾಯಾರಿಕೆ ಇಲ್ಲದಿದ್ದರೂ ಕುಡಿಯುತ್ತಲೇ ಇರಬೇಕೆಂಬ ತಪ್ಪು ತಿಳುವಳಿಕೆ ಹಲವರಲ್ಲಿದೆ. 2002ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ, ನೂರಕ್ಕೆ 13 ಜನರಲ್ಲಿ ಉಪ್ಪಿನ ಅಂಶ ಇರಬೇಕಾದ ಮಟ್ಟಕ್ಕಿಂತ ಇಳಿದಿತ್ತು. ಅತಿಯಾಗಿ ನೀರು ಕುಡಿದದ್ದೇ ಅದಕ್ಕೆ ಮುಖ್ಯ ಕಾರಣವೆಂದು ಕಂಡುಬಂತು. ಇದು ಪ್ರಾಣಕ್ಕೂ ಅಪಾಯ ತರಬಹುದು. ಬಾಯಾರಿದಾಗ ಕುಡಿಯುವುದು, ಬೆವರು ಹೆಚ್ಚಿದ್ದರೆ ಉಪ್ಪು ಸೇರಿದ ಮಜ್ಜಿಗೆಯನ್ನೋ ಗಂಜಿಯನ್ನೋ ಆಮೇಲೆ ತೆಗೆದುಕೊಳ್ಳುವುದು, ಇಷ್ಟು ಸಾಕು.

ಕಾಫಿ ಬೆಳೆಗಾರರಿಗೆ ಸಂತೋಷ ತರುವ ಸಂಗತಿಯೊಂದು ಈ ಓಟದ ಶಾಸ್ತ್ರದಲ್ಲಿದೆ. ಕಾಫಿಯಲ್ಲಿರುವ ಕೆಫೀನ್ ಎಂಬ ಅಂಶವು ದೀರ್ಘಕಾಲದ ಶ್ರಮದಲ್ಲಿ ಆಯಾಸವನ್ನು ಮುಂದೂಡುತ್ತದೆಂದು ಪ್ರಯೋಗಗಳಿಂದ ಸ್ಥಿರಪಟ್ಟಿದೆ. ಎಷ್ಟರ ಮಟ್ಟಿಗೆ ಎಂದರೆ 1984ರಿಂದ ಒಲಿಂಪಿಕ್ ಕ್ರೀಡೆಗಳಲ್ಲಿ ಒಂದು ಮಿತಿಗಿಂತ ಹೆಚ್ಚು ಕೆಫೀನ್ ಕಂಡುಬಂದರೆ ಅದನ್ನು ನಿಷಿದ್ಧವೆಂದು ಎಣಿಸುತ್ತಿದ್ದರು. 2004ರಲ್ಲಿ ಆ ನಿಷೇಧ ತೆಗೆದುಹಾಕಲಾಯಿತು. ಈಗ ಓಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇರುವುದರಿಂದ ರೊಬಸ್ಟಾ ಬೆಳೆಗಾರರು ಇನ್ನಷ್ಟು ಹೆಮ್ಮೆಪಡಬಹುದು. ಹಾಗೆಂದು ಚೊಂಬುಗಟ್ಟಲೆ ಕುಡಿದು ಓಡುವವರು ಹೊಟ್ಟೆಯ ತೊಳಸಿಗೂ ಎದೆಬಡಿತಕ್ಕೂ ತಾವೇ ಜವಾಬ್ದಾರರು. ಅಡಿಕೆ ಬೆಳೆಗಾರರು ಬೇಸರಪಡಬಾರದು. ಬಾಯಿತುಂಬ ಕವಳ ಹಾಕಿಕೊಂಡು ಓಡುವುದನ್ನು ನಾವು ಶಿಫಾರಸು ಮಾಡಲಾರೆವು.

ಇನ್ನು ಆಕ್ಷೇಪಣೆಗಳು. ಮೊದಲನೆಯದು ಕೊಯ್ಲಿನ ಕಾಲದ್ದು. ಮುಂಬಯಿಯ ಓಟ ಜನವರಿಯಲ್ಲಿ ಬರುತ್ತದೆ. ನಮ್ಮ ಅರೇಬಿಕಾ ಕೊಯ್ಲು, ಅಡಿಕೆಯ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಕಣದಲ್ಲಿ ಒಣಗಿಸುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ಈ ಆಕ್ಷೇಪಣೆಯಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆಳುಗಳ ಅಭಾವದಲ್ಲಿ ಮನೆಯ ಒಂದು ಕೈ ಕಡಿಮೆಯಾದರೂ ಕಷ್ಟವೇ. ಆದರೆ ಲೆಕ್ಕ ಹಾಕಿ ನೋಡೋಣ. ವಾರಕ್ಕೆ 168 ಗಂಟೆ. ಈ ಹುಡುಗನ ಓಟಕ್ಕೆ ಹಿಡಿಯುವುದು ಆರು ಗಂಟೆ, ಅದೂ ಆಳುಗಳು ಬರುವ ಮೊದಲು. ಏಳೂವರೆಗೆ ಅವನು ತೋಟದಲ್ಲಿರುತ್ತಾನೆ ಎಂದು ಅವನ ತಂದೆಯೇ ಒಪ್ಪಿಕೊಂಡರು. ಬೂಟು, ಪ್ರವೇಶ ಶುಲ್ಕ, ರೈಲಿನ ಖರ್ಚು ಇವನ್ನು ಮೆಣಸಿನ ಕಾಲದಲ್ಲಿ ನೆರೆಯ ತೋಟದಲ್ಲಿ ಲೆಕ್ಕ ಬರೆದು ಬಂದ ಹಣದಿಂದ ತಾನೇ ತೂಗಿಸಿದ್ದಾನೆ. ಓಟಕ್ಕೆ ಹೋಗಿ ಬರಲು ಬೇಕಾದ್ದು ನಾಲ್ಕು ದಿನ. ಮದುವೆ, ಗೃಹಪ್ರವೇಶ, ಚುನಾವಣೆ ಎಂದು ಕೊಯ್ಲಿನ ಕಾಲದಲ್ಲಿ ನಾವು ಹಿರಿಯರು ಎಷ್ಟು ದಿನ ತೋಟ ಬಿಟ್ಟಿರುತ್ತೇವೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಹುಡುಗನ ನಾಲ್ಕು ದಿನ ದೊಡ್ಡದಾಗಿ ಕಾಣಲಾರದು.

ಎರಡನೆಯದು, ಗೇಯುವವನಿಗೆ ಬೇರೆ ವ್ಯಾಯಾಮ ಏಕೆ ಎಂಬುದು. ಗೇಯುವವನಿಗೆ ಬೇಡವೇನೋ. ಆದರೆ ಈಗ ಗೇಯುವವರು ಎಷ್ಟು ಜನ? ನಮ್ಮ ಹಿರಿಯರು ಹತ್ತು ಮೈಲಿ ನಡೆದು ಸಂತೆಗೆ ಹೋಗಿ ತಲೆಹೊರೆ ಹೊತ್ತು ಬರುತ್ತಿದ್ದರು. ಇಂದು ಮನೆಯಿಂದ ಕಣಕ್ಕೆ ಹೋಗಲು ಸ್ಕೂಟರ್, ಕಣದಿಂದ ಸಂಘಕ್ಕೆ ಬರಲು ಜೀಪು. ಕಳೆಗೆ ಯಂತ್ರ, ಔಷಧಿ ಹೊಡೆಯಲು ಯಂತ್ರ, ಗೊರಬಲು ಸುಲಿಯಲು ಯಂತ್ರ. ಇವು ಬೇಡವೆಂದು ನಾವು ಹೇಳುವುದಿಲ್ಲ, ಇವುಗಳಿಲ್ಲದೆ ತೋಟ ನಡೆಯದು. ಆದರೆ ಸಂಘದ ಸಭೆಯಲ್ಲಿ ಕಾಫಿ ಹಂಚುವಾಗ ಸಕ್ಕರೆ ಇಲ್ಲದ ಲೋಟಗಳನ್ನು ಪ್ರತ್ಯೇಕ ತಟ್ಟೆಯಲ್ಲಿ ತರಬೇಕಾದ ಪರಿಸ್ಥಿತಿ ಬಂದಿದೆ. ವರ್ಷ ವರ್ಷಕ್ಕೆ ಆ ತಟ್ಟೆ ದೊಡ್ಡದಾಗುತ್ತಿದೆ. ಗೇಲಿ ಮಾಡುವವರಲ್ಲಿ ಹಲವರ ಲೋಟ ಆ ತಟ್ಟೆಯಲ್ಲಿಯೇ ಇರುವುದನ್ನು ನಾವು ಗಮನಿಸಿದ್ದೇವೆ.

ಮೂರನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಅದರ ಪರಿಣಾಮವನ್ನು ಕಂಡಿದ್ದೇವೆ. ಮಳೆಗಾಲಕ್ಕೆ ಮುಂಚೆ ಇನ್ನೊಬ್ಬ ಸದಸ್ಯರ ಮಗಳೂ ಬೆಳಿಗ್ಗೆ ಓಡಲು ಪ್ರಾರಂಭಿಸಿದ್ದಳು. ಎರಡೇ ವಾರಗಳಲ್ಲಿ ನಿಂತುಹೋಯಿತು. ಕಾಲು ನೋವಿನಿಂದಲ್ಲ, ಜನರ ಕಣ್ಣಿನಿಂದ. 1967ರಲ್ಲಿ ಬೋಸ್ಟನ್ನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬ ವಿದ್ಯಾರ್ಥಿನಿ ಓಡುತ್ತಿದ್ದಾಗ ಒಬ್ಬ ಅಧಿಕಾರಿ ಹಿಂದಿನಿಂದ ಬಂದು ಅವಳ ಅಂಕಿಯ ಚೀಟಿಯನ್ನು ಕಿತ್ತುಹಾಕಲು ನೋಡಿದ. ಅವಳು ನಿಲ್ಲದೆ ಓಟ ಮುಗಿಸಿದಳು. 1972ರಲ್ಲಿ ಆ ಓಟಕ್ಕೆ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡರು. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಮಹಿಳೆಯರ ಮ್ಯಾರಥಾನ್ ನಡೆಯಿತು. ಅಮೆರಿಕದವರು ಆ ದಾರಿ ಸವೆಸಲು ಹದಿನೇಳು ವರ್ಷ ತೆಗೆದುಕೊಂಡರು. ನಮ್ಮ ಊರಿನ ಮೂರು ಮೈಲಿ ರಸ್ತೆಯನ್ನು ಒಬ್ಬ ಹುಡುಗಿಗೆ ಬಿಟ್ಟುಕೊಡಲು ನಮಗೆ ಅಷ್ಟು ಕಾಲ ಬೇಕಾಗದಿರಲಿ.

ಎಲ್ಲಕ್ಕಿಂತ ಮುಖ್ಯವಾದ ವಿಷಯ ಇನ್ನು ಮುಂದಿದೆ. ಮೇಲೆ ಹೇಳಿದ ಫೌಜಾ ಸಿಂಗರು ನೂರಾ ಎರಡರ ಅಂಚಿನವರೆಗೂ, ಅಂದರೆ 2013ರವರೆಗೆ, ಸ್ಪರ್ಧೆಗಳಲ್ಲಿ ಓಡಿದರು. ಆಮೇಲೂ ನಡಿಗೆ ಬಿಡಲಿಲ್ಲ. ಲಂಡನ್, ಟೊರಾಂಟೋ, ಹಾಂಗ್‌ಕಾಂಗ್ ನಗರಗಳ ರಸ್ತೆಗಳಲ್ಲಿ ಓಡಿಬಂದ ಆ ಹಿರಿಯರು 2025ರ ಜುಲೈ 14ರಂದು ತಮ್ಮ ಹುಟ್ಟೂರಿನ ಬಳಿ ರಸ್ತೆ ದಾಟುತ್ತಿದ್ದಾಗ ವಾಹನ ಬಡಿದು ತೀರಿಕೊಂಡರು. ವಯಸ್ಸು ಅವರನ್ನು ಸೋಲಿಸಲಿಲ್ಲ, ರಸ್ತೆ ಸೋಲಿಸಿತು. ಈ ಸುದ್ದಿ ಓದಿದ ದಿನದಿಂದ ನಮ್ಮ ತಿರುವುಗಳಲ್ಲಿ ಬೆಳಿಗ್ಗೆ ಮಂಜಿನ ನಡುವೆ ಜೀಪುಗಳು ಬರುವ ರಭಸ ಕಂಡಾಗಲೆಲ್ಲ ನಮಗೆ ಎದೆ ಝಲ್ಲೆನ್ನುತ್ತದೆ. ಆ ಜೀಪುಗಳಲ್ಲಿ ನಮ್ಮವೇ ಹೆಚ್ಚು. ಆಳುಗಳನ್ನು ಬೇರೆ ತೋಟದವರು ಕರೆದೊಯ್ಯುವ ಮೊದಲು ನಾವು ಕರೆತರಬೇಕೆಂಬ ಅವಸರ. ಕೊಯ್ಲು ಒಂದು ದಿನ ತಡವಾದರೆ ಹಣ್ಣು ಉದುರೀತು, ಆರಿಸಿಕೊಳ್ಳಬಹುದು. ಓಡುವವನ ಜೀವ ಹೋದರೆ ಆರಿಸಿಕೊಳ್ಳಲು ಏನೂ ಉಳಿಯದು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು.

ಒಂದನೆಯದಾಗಿ, ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ನಮ್ಮ ರಸ್ತೆಯಲ್ಲಿ ವಾಹನಗಳನ್ನು ನಿಧಾನವಾಗಿ ನಡೆಸಬೇಕು. ತಿರುವಿನಲ್ಲಿ ಹಾರನ್ ಮಾಡಬೇಕು. ಎದುರಿಗೆ ಓಡುವವರು, ನಡೆಯುವವರು ಕಂಡರೆ ದೀಪ ತಗ್ಗಿಸಬೇಕು. ನಿಮ್ಮ ಡ್ರೈವರುಗಳಿಗೂ ಇದನ್ನು ಹೇಳಬೇಕು.

ಎರಡನೆಯದಾಗಿ, ರಸ್ತೆ ಪಕ್ಕದ ಮನೆಯವರು ನಾಯಿಗಳನ್ನು ಆ ಹೊತ್ತಿನಲ್ಲಿ ಕಟ್ಟಿಹಾಕಬೇಕು. ತೋಟ ಕಾಯುವ ನಾಯಿ ತೋಟದೊಳಗೆ ಬೊಗಳಲಿ.

ಮೂರನೆಯದಾಗಿ, ಓಡುವವರೂ ತಮ್ಮ ಜವಾಬ್ದಾರಿ ಮರೆಯಬಾರದು. ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಬೇಕು. ಬಿಳಿ ಬಟ್ಟೆ ಧರಿಸಿ ಕೈಯಲ್ಲಿ ಟಾರ್ಚ್ ಹಿಡಿದಿರಬೇಕು. ಕಿವಿಗೆ ಹಾಡು ಹಾಕಿಕೊಳ್ಳಬಾರದು. ಕಾಡಾನೆಗಳು ಬೀಡುಬಿಟ್ಟ ಸುದ್ದಿ ಅರಣ್ಯ ಇಲಾಖೆಯಿಂದಾಗಲಿ ಊರವರಿಂದಾಗಲಿ ಬಂದ ದಿನ ಓಟವನ್ನು ಕಡ್ಡಾಯವಾಗಿ ಬಿಡಬೇಕು. ಹದಿನೆಂಟು ವಾರದ ಕ್ರಮದಲ್ಲಿ ಒಂದು ದಿನ ತಪ್ಪಿದರೆ ಏನೂ ನಷ್ಟವಿಲ್ಲ. ಆನೆಯೊಡನೆ ಓಟದ ಸ್ಪರ್ಧೆಗೆ ಯಾವ ಅಭ್ಯಾಸವೂ ಸಾಲದು.

ನಾಲ್ಕನೆಯದಾಗಿ, ನಲವತ್ತು ದಾಟಿದ ಸದಸ್ಯರು ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಲು ತೊಡಗಬೇಕು. ಓಡುವ ಮನಸ್ಸಾದರೆ ಮೊದಲು ವೈದ್ಯರಲ್ಲಿ ರಕ್ತದ ಒತ್ತಡ, ಸಕ್ಕರೆ, ಹೃದಯ ಇವುಗಳ ಪರೀಕ್ಷೆ ಮಾಡಿಸಿಕೊಳ್ಳಬೇಕು. ಓಡುವಾಗ ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಕೂಡಲೇ ನಿಲ್ಲಿಸಬೇಕು. ಫೌಜಾ ಸಿಂಗರು ಓಡಿದರೆಂದು ನಾಳೆಯೇ ನಾವೂ ಹೊರಡುವುದು ಬೇಡ. ಅವರ ಹಿಂದೆ ಒಂದು ಆಯುಷ್ಯದ ಹೊಲದ ನಡಿಗೆ ಇತ್ತು.

ಐದನೆಯದಾಗಿ, ಮುಂದಿನ ವಾರ್ಷಿಕ ಮಹಾಸಭೆಯ ದಿನ ಬೆಳಿಗ್ಗೆ ಸಂಘದ ಗೋದಾಮಿನಿಂದ ಐದು ಕಿಲೋಮೀಟರಿನ ಓಟ ಮತ್ತು ನಡಿಗೆಯನ್ನು ಸದಸ್ಯರು, ಮನೆಯ ಹೆಂಗಸರು, ಮಕ್ಕಳು, ತೋಟದ ಕಾರ್ಮಿಕರು ಎಲ್ಲರಿಗೂ ಏರ್ಪಡಿಸಬೇಕೆಂಬ ಸೂಚನೆಯನ್ನು ಆಡಳಿತ ಮಂಡಳಿಯ ಮುಂದೆ ಇಡಲಿದ್ದೇವೆ. ಸಂಘದ ನಿಧಿಯಿಂದ ಬಹುಮಾನಕ್ಕೆ ಒಂದು ಕಾಸೂ ಬೇಡ. ಮುಗಿಸಿದವರಿಗೆಲ್ಲ ಒಂದು ಲೋಟ ಒಳ್ಳೆಯ ಕಾಫಿ, ಸಕ್ಕರೆ ಹಾಕಿದ್ದೋ ಹಾಕದ್ದೋ ಅವರವರ ಇಷ್ಟ. ಮಂಡಳಿ ಒಪ್ಪದಿದ್ದರೆ ಓಟದ ಖರ್ಚು ನಮ್ಮದು.

ಮಕ್ಕಳು ಊರು ಬಿಟ್ಟು ಹೋಗುತ್ತಿದ್ದಾರೆ, ತೋಟ ನೋಡುವವರಿಲ್ಲ ಎಂದು ಪ್ರತಿ ಮಹಾಸಭೆಯಲ್ಲಿ ನಾವು ಕೊರಗುತ್ತೇವೆ. ಅವರು ಹೋಗುವುದು ಸಂಬಳಕ್ಕಾಗಿ ಮಾತ್ರವಲ್ಲ. ತಮಗೆ ಪ್ರಿಯವಾದದ್ದನ್ನು ನಾಲ್ಕು ಜನರ ನಗೆಗೆ ಗುರಿಯಾಗದೆ ಮಾಡಬಹುದಾದ ಜಾಗ ಬೇಕು ಎಂದೂ ಹೋಗುತ್ತಾರೆ. ಊರಿನಲ್ಲಿ ಉಳಿದವನೊಬ್ಬ ತೋಟವನ್ನೂ ನೋಡಿಕೊಂಡು, ಯಾರ ಬಳಿಯೂ ಕೈಚಾಚದೆ, ಮುಂಜಾನೆಯ ಆರು ಗಂಟೆಗಳನ್ನು ತನಗಾಗಿ ಕೇಳುತ್ತಿದ್ದಾನೆ. ಅದನ್ನು ಕೊಡಲಾರದ ಊರು ಅವನು ಇಲ್ಲಿಯೇ ಇರಲಿ ಎಂದು ಬಯಸುವುದು ನ್ಯಾಯವಲ್ಲ.

ಈ ಅಭಿಪ್ರಾಯಗಳು ನಮ್ಮವು, ಸಂಘದ ನಿರ್ಣಯವಲ್ಲ. ಒಪ್ಪದವರು ತಮ್ಮ ಆಕ್ಷೇಪಣೆಗಳನ್ನು ಬರೆದು ಕಚೇರಿಗೆ ತಲಪಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು. ಐದು ಕಿಲೋಮೀಟರಿನ ಓಟಕ್ಕೆ ಸೇರಲು ಇಚ್ಛಿಸುವವರು ಕೊಯ್ಲಿನ ಮುಂಗಡಕ್ಕೆ ಬಂದಾಗ ಗುಮಾಸ್ತರಲ್ಲಿ ಹೆಸರು ಬರೆಸಬಹುದು.